ಪ್ಲಾಸ್ಟಿಕ್ ಹಾಯಿದೋಣಿಯ ತಳದ ಗೀರಿಗೆ ಪುಟ್ಟಿ ಹಾಕಬಹುದಾ?

ಪ್ರಶ್ನೆ: ಸರ್, ನಮ್ಮದು ಉಡುಪಿ ಹತ್ತಿರದ ಕೆಮ್ಮಣ್ಣು. ಮನೆ ಎದುರೇ ಸ್ವರ್ಣಾ ನದಿ. ಮಕ್ಕಳು ಹಾಯಿ ಬಿಡಲು ಕಲಿಯಲಿ ಅಂತ ಒಂದು ಹಳೆಯ ಪ್ಲಾಸ್ಟಿಕ್ ಡಿಂಗಿ (ಸಣ್ಣ ಹಾಯಿದೋಣಿ) ತಗೊಂಡಿದ್ದೇನೆ. ಹನ್ನೊಂದು ಅಡಿಗಿಂತ ಸ್ವಲ್ಪ ಜಾಸ್ತಿ ಉದ್ದ, ಕೆಂಪು ಬಣ್ಣ. ಕಡವಿನ ಕೆಂಪುಕಲ್ಲಿನ ಮೆಟ್ಟಿಲಲ್ಲಿ ಎಳೆದು ಎಳೆದು ತಳವೆಲ್ಲ ಗೀರು. ಕೆಲವು ಕಡೆ ನಾರು ನಾರಾಗಿ ಎದ್ದಿದೆ. ಎರಡು ಕಡೆ ಉಗುರು ಇಳಿಯುವಷ್ಟು ಆಳ ಉಂಟು. ಎಂ-ಸೀಲ್ ತುಂಬಿದ್ದೆ, ಎರಡನೇ ಭಾನುವಾರಕ್ಕೆ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಕಾರಿಗೆ ಪೇಂಟ್ ಹೊಡೆಯುವ ಪರಿಚಯದವರೊಬ್ಬರು ಪುಟ್ಟಿ ಹಾಕಿ, ಪ್ರೈಮರ್ ಹೊಡೆದು, ಹೊಸದರ ಹಾಗೆ ಮಾಡಿಕೊಡ್ತೇನೆ ಅನ್ನುತ್ತಾರೆ. ಮಾಡಿಸಬಹುದಾ? ಗೀರಿನಿಂದ ವೇಗ ಕಡಿಮೆಯಾಗುತ್ತದಾ? ದೋಣಿ ಎತ್ತುವಾಗ ಒಳಗೆ ನೀರು ಕುಲುಕುವ ಸದ್ದು ಬರುತ್ತದೆ, ಅದೂ ಈ ಗೀರಿನಿಂದಲೇ? ಮಕ್ಕಳಿಗೆ ಗೀರಿನ ಮೇಲೆ ಸ್ಟಿಕ್ಕರ್ ಅಂಟಿಸುವ ಆಸೆ ಬೇರೆ.

ಉತ್ತರ: ಪೇಂಟ್ ಬೇಡ ಮಾರಾಯ್ರೆ. ಪುಟ್ಟಿಯೂ ಬೇಡ. ನಿಮ್ಮ ಪರಿಚಯದವರು ಕಾರಿನ ಕೆಲಸದಲ್ಲಿ ಎಷ್ಟೇ ನಿಪುಣರಾಗಿರಲಿ, ಈ ದೋಣಿಯ ಮೇಲೆ ಅವರ ಪುಟ್ಟಿಗೆ ನಿಮ್ಮ ಎಂ-ಸೀಲಿಗೆ ಆದ ಗತಿಯೇ ಆಗುತ್ತದೆ. ಪೇಂಟಿನ ದುಡ್ಡಲ್ಲಿ ಬಿಸಿಗಾಳಿ ಊದುವ ಒಂದು ಹೀಟ್ ಗನ್ ತಗೊಳ್ಳಿ, ಒಂದು ಚಕ್ರದ ಟ್ರಾಲಿ ಮಾಡಿಸಿ, ಆಮೇಲೂ ಸ್ವಲ್ಪ ಉಳಿದೀತು. ಯಾಕೆ ಅಂತ ಹೇಳುತ್ತೇನೆ. ಅದಕ್ಕಿಂತ ಮೊದಲು ನಿಮ್ಮ ದೋಣಿ ಯಾವ ಪ್ಲಾಸ್ಟಿಕ್ಕಿನದ್ದು ಅಂತ ಗೊತ್ತಾಗಬೇಕು. ಅದು ಗೊತ್ತಿಲ್ಲದೆ ಕೈ ಹಾಕಿದರೆ ರಿಪೇರಿಯೇ ಹೊಸ ಗೀರಾಗುತ್ತದೆ.

ಹನ್ನೊಂದು ಅಡಿ ಚಿಲ್ಲರೆ ಅಂದಿರಿ. ಆ ಅಳತೆಯಲ್ಲಿ ಪ್ರಪಂಚದಲ್ಲೆಲ್ಲ ಓಡಾಡುವ ಎರಡು ಪ್ಲಾಸ್ಟಿಕ್ ಡಿಂಗಿಗಳಿವೆ. ಒಂದು ಲೇಸರ್ ಪಿಕೋ, 3.5 ಮೀಟರ್. ಇನ್ನೊಂದು ಟಾಪರ್, 3.4 ಮೀಟರ್. ನೋಡಲು ಎರಡೂ ಪ್ಲಾಸ್ಟಿಕ್ಕೇ. ಆದರೆ ಪಿಕೋ ಪಾಲಿಎಥಿಲೀನ್, ಟಾಪರ್ ಪಾಲಿಪ್ರೊಪಿಲೀನ್. ಇದರಲ್ಲಿ ಒಂದು ಎಡವಟ್ಟೂ ಉಂಟು. ಪಿಕೋಗೆ ಲೇಸರ್ ಅಂತ ಹೆಸರಿದೆ ಅಂತ ಜನ ಅದನ್ನು ದೊಡ್ಡ ಲೇಸರ್ ದೋಣಿಯ ತಮ್ಮ ಅಂದುಕೊಳ್ಳುತ್ತಾರೆ. ಈಗ ಐಎಲ್‌ಸಿಎ ಅಂತ ಕರೆಯುವ ಆ 4.2 ಮೀಟರಿನ ದೊಡ್ಡ ದೋಣಿ ಫೈಬರ್‌ಗ್ಲಾಸಿನದ್ದು. ಅದಕ್ಕೆ ಹೇಳಿದ ರಿಪೇರಿ ಉಪಾಯ ಓದಿಕೊಂಡು ಬಂದು ಪಿಕೋ ಮೇಲೆ ಜೆಲ್‌ಕೋಟ್, ಅಂದರೆ ಫೈಬರ್ ದೋಣಿಯ ಹೊರಮೈಗೆ ಬಳಿಯುವ ಬಣ್ಣದ ರಾಳ, ಸುರಿದವರೂ ಇದ್ದಾರೆ.

ನಿಮ್ಮದು ಬೇರೆ ಯಾವುದೋ ಕಂಪನಿಯದ್ದೂ ಇರಬಹುದು. ಪರೀಕ್ಷೆ ಸುಲಭ. ಎದ್ದಿರುವ ನಾರಿನಲ್ಲಿ ಒಂದು ಚೂರನ್ನು ಬ್ಲೇಡಿನಲ್ಲಿ ಕತ್ತರಿಸಿ. ಒಂದು ಲೋಟ ಬಾವಿ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ. ಆ ಚೂರನ್ನು ಬೆರಳಲ್ಲಿ ನೀರೊಳಗೆ ಒತ್ತಿ ಬಿಡಿ. ಸೋಪು ಯಾಕೆಂದರೆ, ಅದಿಲ್ಲದಿದ್ದರೆ ಮುಳುಗಬೇಕಾದ ಚೂರೂ ನೀರಿನ ಮೇಲ್ಮೈಗೆ ಅಂಟಿಕೊಂಡು ತೇಲುತ್ತಾ ನಿಮಗೆ ಮೋಸ ಮಾಡುತ್ತದೆ. ತೇಲಿತು ಅಂದರೆ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್. ಮುಳುಗಿತು ಅಂದರೆ ಎಬಿಎಸ್ ಪ್ಲಾಸ್ಟಿಕ್ ಅಥವಾ ಫೈಬರ್‌ಗ್ಲಾಸ್. ತೇಲುವ ಎರಡರಲ್ಲಿ ಯಾವುದು ಅಂತ ನೋಡಲು ಡೆಕ್ ಅಡಿಯಲ್ಲಿ, ಚುಕ್ಕಾಣಿ ಕೂರುವ ಜಾಗದ ಹತ್ತಿರ ತ್ರಿಕೋನದೊಳಗಿನ ಅಂಕಿ ಹುಡುಕಿ. 2 ಅಥವಾ 4 ಇದ್ದರೆ ಪಾಲಿಎಥಿಲೀನ್, 5 ಇದ್ದರೆ ಪಾಲಿಪ್ರೊಪಿಲೀನ್. ದೋಣಿಗಳಲ್ಲಿ ಈ ಗುರುತು ಹೆಚ್ಚಾಗಿ ಇರುವುದೇ ಇಲ್ಲ. ಆಗ ಉಗುರಲ್ಲಿ ಒತ್ತಿ ನೋಡಿ. ಪಾಲಿಎಥಿಲೀನ್ ಮೇಣದ ಜಾರು ಇರುವ ಮೆತ್ತನೆಯ ಮೈ, ಗಟ್ಟಿಯಾಗಿ ಒತ್ತಿದರೆ ಉಗುರಿನ ಗುರುತು ಬೀಳುತ್ತದೆ. ಪಾಲಿಪ್ರೊಪಿಲೀನ್ ಸ್ವಲ್ಪ ಗಟ್ಟಿ.

ನೀವು ಹೇಳಿದ ನಾರು ನೋಡಿದರೆ ನಿಮ್ಮದು ಪಾಲಿಎಥಿಲೀನ್ ಅಂತಲೇ ನನ್ನ ಅಂದಾಜು. ಹಾಗಾದರೆ ಅದರ ಒಂದು ತುಂಡು ನಿಮ್ಮ ಮನೆಯ ತಾರಸಿ ಮೇಲೂ ಇರಬೇಕು. ಸಿಂಟೆಕ್ಸ್ ಟ್ಯಾಂಕಿಗೂ ಈ ದೋಣಿಗೂ ಸಾಮಗ್ರಿ ಒಂದೇ, ಮಾಡುವ ವಿಧಾನವೂ ಒಂದೇ. ಲೋಹದ ಅಚ್ಚಿನೊಳಗೆ ಪ್ಲಾಸ್ಟಿಕ್ ಪುಡಿ ಹಾಕಿ, ಒಲೆಯೊಳಗೆ ಎಲ್ಲ ದಿಕ್ಕಿಗೂ ತಿರುಗಿಸುತ್ತಾರೆ. ಪುಡಿ ಕರಗಿ ಅಚ್ಚಿನ ಒಳಮೈಗೆ ಮೆತ್ತಿಕೊಳ್ಳುತ್ತದೆ. ದೋಣಿಗಳಲ್ಲಿ ಹೆಚ್ಚಾಗಿ ಮೂರು ಪದರ: ಹೊರಗೆ ಗಟ್ಟಿ ಪದರ, ಮಧ್ಯೆ ನೊರೆಯಂಥ ಹಗುರ ಪದರ, ಒಳಗೆ ಮತ್ತೆ ಗಟ್ಟಿ ಪದರ. ಬಣ್ಣವನ್ನು ಪುಡಿಯಲ್ಲೇ ಬೆರೆಸಿರುತ್ತಾರೆ. ಹಾಗಾಗಿ ಹೊರ ಪದರದ ತುಂಬ ಒಂದೇ ಬಣ್ಣ. ಎಷ್ಟು ಹೆರೆದರೂ ಕೆಂಪೇ. ಇದು ನಮ್ಮ ಪಾಲಿಗೆ ದೊಡ್ಡ ಅನುಕೂಲ. ಗೀರಿನಲ್ಲಿ ಬಿಳಿ ಕಾಣುತ್ತದಲ್ಲ, ಅದು ಬಣ್ಣ ಹೋದದ್ದಲ್ಲ. ಪ್ಲಾಸ್ಟಿಕ್ ಎಳೆದು ಹಿಗ್ಗಿದಾಗ ಬಿಳಿಚಿಕೊಳ್ಳುತ್ತದೆ, ಅಷ್ಟೇ. ಸ್ವಲ್ಪ ಬಿಸಿ ತಾಗಿಸಿದರೆ ಹೆಚ್ಚಿನ ಬಿಳಿ ತಾನಾಗಿ ಹೋಗುತ್ತದೆ.

ಅನಾನುಕೂಲ ಏನೆಂದರೆ, ಪಾಲಿಎಥಿಲೀನಿಗೆ ಯಾವುದೂ ಗಟ್ಟಿಯಾಗಿ ಅಂಟುವುದಿಲ್ಲ. ಅಂಟು, ಎಪಾಕ್ಸಿ, ಪೇಂಟ್, ಪುಟ್ಟಿ ಯಾವುದೇ ಇರಲಿ, ಮೊದಲು ಮೇಲ್ಮೈಯಲ್ಲಿ ತೆಳ್ಳಗೆ ಹರಡಿ ಅದನ್ನು ಹಿಡಿಯಬೇಕು. ಇದರ ಮೈ ಹಾಗೆ ಹರಡಲು ಬಿಡುವುದಿಲ್ಲ. ಅರಾಲ್ಡೈಟ್, ಎಂ-ಸೀಲ್ ಎಲ್ಲ ಗುಳಿಯಲ್ಲಿ ಸುಮ್ನೆ ಕೂತಿರುತ್ತವೆ, ಹಿಡಿದುಕೊಂಡಿರುವುದಿಲ್ಲ. ಅದರ ಮೇಲೆ ಇನ್ನೊಂದು ತಾಪತ್ರಯ. ದೋಣಿಯ ತಳ ಅಲೆಗೆ, ಮಕ್ಕಳ ಭಾರಕ್ಕೆ ಬಗ್ಗುತ್ತದೆ, ಪುಟ್ಟಿ ಬಗ್ಗುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುತ್ತದೆ, ಪುಟ್ಟಿ ಅಷ್ಟು ಹಿಗ್ಗುವುದಿಲ್ಲ. ನಾಲ್ಕು ದಿನದಲ್ಲಿ ಅಂಚು ಬಿಡುತ್ತದೆ. ಕಾರ್ಖಾನೆಗಳಲ್ಲಿ ಬೆಂಕಿಯ ಜ್ವಾಲೆ ಹಾಯಿಸಿ ಮೇಲ್ಮೈಯ ಗುಣ ಬದಲಿಸಿ ಅಂಟಿಸುವ ಕ್ರಮವಿದೆ, ಅದಕ್ಕೆಂದೇ ಬಗ್ಗುವ ಎಪಾಕ್ಸಿಯೂ ಬರುತ್ತದೆ. ಮನೆಯಂಗಳದಲ್ಲಿ ಗ್ಯಾಸ್ ಟಾರ್ಚ್ ಹಿಡಿದು ಅದನ್ನು ಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ವೇಗದ ಪ್ರಶ್ನೆಗೆ ಬರುತ್ತೇನೆ. ಸ್ವರ್ಣಾ ನದಿಯಲ್ಲಿ ಮಕ್ಕಳು ಕಲಿಯುವ ದೋಣಿಗೆ ಉದ್ದುದ್ದ ಗೀರಿನಿಂದ ಆಗುವ ನಷ್ಟ ಲೆಕ್ಕಕ್ಕೇ ಇಲ್ಲ. ನೀರು ಹರಿಯುವ ದಿಕ್ಕಿನಲ್ಲೇ ಗೀರು ಇದ್ದರೆ ನೀರಿಗೆ ಅದು ಅಡ್ಡಿಯೇ ಅಲ್ಲ. ಅಡ್ಡಡ್ಡ ಬಿದ್ದ ಗೀರು ಸ್ವಲ್ಪ ಎಳೆಯುತ್ತದೆ, ಅದರಲ್ಲೂ ದೋಣಿಯ ಮುಂದಿನ ಅರ್ಧದಲ್ಲಿದ್ದರೆ. ಆದರೆ ನಿಜವಾಗಿ ವೇಗ ತಿನ್ನುವುದು ತಗ್ಗಲ್ಲ, ಮೇಲೆದ್ದಿರುವ ನಾರು. ಅದು ನೀರನ್ನು ಕೆದಕುತ್ತಾ ಹೋಗುತ್ತದೆ. ಇನ್ನೊಂದು ವಿಷಯ, ನಿಮಗೆ ವೇಗದ ಚಿಂತೆ ಇದ್ದರೆ ತಳಕ್ಕಿಂತ ಮೊದಲು ಡ್ಯಾಗರ್ ಬೋರ್ಡ್ (ದೋಣಿಯ ನಡುವಿನ ಸೀಳಿನಿಂದ ನೀರಿಗೆ ಇಳಿಸುವ ಹಲಗೆ) ಮತ್ತು ಚುಕ್ಕಾಣಿಯ ಅಲಗು ನೋಡಿ. ಅವುಗಳ ಮುಂದಿನ ಅಂಚಿನಲ್ಲಿ ಕಲ್ಲಿಗೆ ತಾಗಿ ಕಚ್ಚು ಬಿದ್ದಿದ್ದರೆ ದೋಣಿ ಗಾಳಿಗೆದುರು ಏರುವುದಿಲ್ಲ, ಪಕ್ಕಕ್ಕೆ ಜಾರುತ್ತದೆ. ಹತ್ತು ಗೀರಿಗಿಂತ ಆ ಒಂದು ಕಚ್ಚು ಜಾಸ್ತಿ ತೊಂದರೆ ಕೊಡುತ್ತದೆ.

ಒಳಗೆ ನೀರು ಕುಲುಕುವುದು ಬೇರೆಯೇ ಸಂಗತಿ. ಹೊರ ಪದರದ ಗೀರಿನಿಂದ ನೀರು ಒಳಗೆ ಹೋಗುವುದು ತೀರಾ ಅಪರೂಪ. ಹೋಗುವುದು ಬಿರಡೆಯಿಂದ, ಅಂದರೆ ಹಿಂಬದಿಯ ಡ್ರೈನ್ ಪ್ಲಗ್ಗಿನಿಂದ. ಅದರ ರಬ್ಬರ್ ಉಂಗುರ ಒಣಗಿ ಸೀಳಿರುತ್ತದೆ. ಇಲ್ಲವೇ ಡೆಕ್ಕಿಗೆ ಬಿಗಿದ ಸ್ಕ್ರೂಗಳ ತೂತಿನಿಂದ, ಹಾಯಿಕಂಬ ಕೂರುವ ಗುಳಿಯ ತಳದಿಂದ. ಎಲ್ಲಕ್ಕಿಂತ ಹೆಚ್ಚಾಗಿ ಡ್ಯಾಗರ್ ಬೋರ್ಡ್ ಇಳಿಯುವ ಸೀಳಿನ ಮೂಲೆಗಳಿಂದ. ನಮ್ಮ ಹೊಳೆಯ ಮರಳು ಆ ಸೀಳಿನೊಳಗೆ ಕೂತು, ಬೋರ್ಡ್ ಮೇಲೆ ಕೆಳಗೆ ಮಾಡಿದ ಹಾಗೆಲ್ಲ ಒಳಗಿನಿಂದ ಸವೆಸುತ್ತದೆ. ಹೊರಗೆ ನೋಡಿದರೆ ಏನೂ ಕಾಣುವುದಿಲ್ಲ.

ಪತ್ತೆ ಮಾಡುವುದು ಹೀಗೆ. ನೀರೆಲ್ಲ ಬಸಿಯಿರಿ. ದೋಣಿಯ ಅನುಮಾನದ ಜಾಗಕ್ಕೆಲ್ಲ ಸೋಪು ನೀರು ಬಳಿಯಿರಿ. ಬಿರಡೆಯ ತೂತಿಗೆ ಒಂದು ಪೈಪ್ ಹಿಡಿದು ಬಾಯಲ್ಲಿ ಊದಿ. ಸೋರುವಲ್ಲಿ ಗುಳ್ಳೆ ಏಳುತ್ತದೆ. ಬಾಯಲ್ಲಿ ಅಂದೆ, ನೆನಪಿರಲಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ತಂದರೆ ಇದ್ದ ಜೋಡಣೆಯೂ ಬಿಟ್ಟುಕೊಳ್ಳುತ್ತದೆ. ಈ ಪರೀಕ್ಷೆಯನ್ನು ಗೀರಿನ ಕೆಲಸಕ್ಕಿಂತ ಮೊದಲೇ ಮಾಡಿ. ಒಳಗೆ ನೀರು ಇದ್ದ ಹಾಗೇ ತಳಕ್ಕೆ ಬಿಸಿ ಕೊಡಬಾರದು.

ಈಗ ಗೀರು. ನೀವು ಹೇಳಿದ್ದರಲ್ಲಿ ಮೂರು ಬಗೆ ಇದೆ. ಬರೀ ಕಣ್ಣಿಗೆ ಕಾಣುವ, ಉಗುರಿಗೆ ಸಿಗದ ಗೀರು. ಅದನ್ನು ಬಿಟ್ಟುಬಿಡಿ. ನಿಜವಾಗಿ ಹೇಳುತ್ತಿದ್ದೇನೆ, ಅದಕ್ಕೆ ಏನೂ ಮಾಡಬೇಡಿ. ಅದನ್ನು ತೆಗೆಯಲು ಉಜ್ಜಿದಷ್ಟೂ ಒಳ್ಳೆಯ ಪ್ಲಾಸ್ಟಿಕ್ ಹೋಗುತ್ತದೆ, ಮುಂದಿನ ವಾರ ಹೊಸ ಗೀರು ಬಂದೇ ಬರುತ್ತದೆ. ಎರಡನೆಯದು ನಾರು ಎದ್ದ ಗೀರು. ಮೂರನೆಯದು ಆ ಎರಡು ಆಳದ ಗುಳಿ.

ಕೆಲಸಕ್ಕೆ ನೆರಳು ಬೇಕು. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಅಂಗಳದ ಬಿಸಿಲಿನಲ್ಲಿಟ್ಟ ದೋಣಿ ಆಗಲೇ ಅರ್ಧ ಮೆತ್ತಗಾಗಿರುತ್ತದೆ, ಅದಕ್ಕೆ ಹೀಟ್ ಗನ್ ಹಿಡಿದರೆ ಎಲ್ಲಿ ನಿಲ್ಲಿಸಬೇಕು ಅಂತ ಅಂದಾಜು ಸಿಗುವುದಿಲ್ಲ. ಬೆಳಿಗ್ಗೆ ಶುರು ಮಾಡಿ. ದೋಣಿಯನ್ನು ಕವುಚಿ ಹಾಕಿ, ಅಡಿಗೆ ಲಾರಿಯ ಹಳೆ ಟ್ಯೂಬ್ ಅಥವಾ ಮರಳು ತುಂಬಿದ ಚೀಲ ಕೊಡಿ. ಎರಡು ಮರದ ಪಟ್ಟಿಯ ಮೇಲೆ ಇಟ್ಟರೆ ಪಟ್ಟಿ ತಾಗಿದಲ್ಲಿ ಹೊಂಡ ಬೀಳುತ್ತದೆ. ಬಿರಡೆ ತೆಗೆದಿಡಿ. ಇದನ್ನು ಮರೆಯಲೇಬೇಡಿ. ಮುಚ್ಚಿದ ದೋಣಿಯೊಳಗಿನ ಗಾಳಿ ಬಿಸಿಗೆ ಹಿಗ್ಗಿ ಮೆತ್ತಗಾದ ಜಾಗವನ್ನು ಉಬ್ಬಿಸುತ್ತದೆ. ಹಾಗೆ ನೋಡಿದರೆ ಬಿಸಿಲಲ್ಲಿ ಸುಮ್ನೆ ಇಡುವಾಗಲೂ ಬಿರಡೆ ತೆಗೆದೇ ಇಡಬೇಕು.

ಸಿಹಿನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಗೀರಿನೊಳಗೆ ಕೂತ ಕೆಂಪುಕಲ್ಲಿನ ಪುಡಿಯನ್ನು ಹಳೇ ಟೂತ್ ಬ್ರಷ್‌ನಲ್ಲಿ ತೆಗೆಯಿರಿ. ದೋಣಿ ನೀರಿನಲ್ಲೇ ಕಟ್ಟಿ ಇಡುತ್ತಿದ್ದರೆ ಬಾರ್ನಕಲ್ ಚಿಪ್ಪೂ ಅಂಟಿರುತ್ತದೆ. ಅದನ್ನು ಚಾಕುವಿನಲ್ಲಿ ಎಬ್ಬಿಸಬೇಡಿ, ಹಳೇ ಎಟಿಎಂ ಕಾರ್ಡ್ ಸಾಕು. ಉಳಿದ ಎಂ-ಸೀಲ್ ಚೂರನ್ನೂ ಕಿತ್ತು ಹಾಕಿ. ಒಣಗಿದ ಮೇಲೆ ಒಂದು ಟಾರ್ಪಾಲು ಹಾಸಿ. ಹೆರೆದ ಪ್ಲಾಸ್ಟಿಕ್ ಅದರ ಮೇಲೆ ಬೀಳಲಿ, ಹೊಳೆಗೆ ಹೋಗುವುದು ಬೇಡ. ಅದೇ ಹೊಳೆಯಲ್ಲಿ ಜನ ತಿನ್ನಲು ಮರುವಾಯಿ ಚಿಪ್ಪು ಹೆಕ್ಕುತ್ತಾರೆ.

ನಾರು ಎದ್ದ ಗೀರಿಗೆ ಸ್ಯಾಂಡ್ ಪೇಪರ್ ಹಿಡಿದುಕೊಂಡು ಹೋಗುವುದು ಎಲ್ಲರೂ ಮಾಡುವ ಕೆಲಸ. ಈ ಪ್ಲಾಸ್ಟಿಕ್ಕಿನ ಮೇಲೆ ಒಣ ಪೇಪರ್ ಹಾಕಿದರೆ ನಾರು ಹೋಗುವುದಿಲ್ಲ, ಇನ್ನಷ್ಟು ಏಳುತ್ತದೆ. ಸ್ಯಾಂಡಿಂಗ್ ಮೆಷಿನ್ ಹಾಕಿದರೆ ಕೇಳುವುದೇ ಬೇಡ. ತಿಕ್ಕಿದ ಬಿಸಿಗೆ ಪ್ಲಾಸ್ಟಿಕ್ ಕರಗಿ ಪೇಪರಿಗೆ ಮೆತ್ತಿ, ಅದೇ ಗಂಟು ಮತ್ತೆ ದೋಣಿಯನ್ನು ಗೀರುತ್ತದೆ. ಇಲ್ಲಿ ಬೇಕಾದದ್ದು ಹೆರೆಯುವ ಅಲಗು. ಬಡಗಿಗಳ ಹತ್ತಿರ ಮರ ನುಣುಪು ಮಾಡುವ ತೆಳು ಉಕ್ಕಿನ ಸ್ಕ್ರೇಪರ್ ಪಟ್ಟಿ ಇರುತ್ತದೆ, ಅದು ಸಿಕ್ಕಿದರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಪೇಪರ್ ಕಟ್ಟರಿನ ಅಗಲ ಬ್ಲೇಡ್. ಮೊದಲು ಉದ್ದ ಎದ್ದಿರುವ ನಾರನ್ನು ಮೈಗೆ ಸಮನಾಗಿ ಕತ್ತರಿಸಿ. ಎಳೆದು ಕೀಳಬೇಡಿ, ಕಿತ್ತರೆ ಬುಡದಿಂದ ಇನ್ನೂ ಉದ್ದಕ್ಕೆ ಸೀಳಿಕೊಂಡು ಬರುತ್ತದೆ. ಆಮೇಲೆ ಬ್ಲೇಡನ್ನು ನೆಟ್ಟಗೆ, ಮೈಗೆ ಲಂಬವಾಗಿ ಹಿಡಿದು, ಹಗುರ ಒತ್ತಡದಲ್ಲಿ ನಿಮ್ಮ ಕಡೆಗೆ ಎಳೆಯಿರಿ. ಗೀರಿನ ಉದ್ದಕ್ಕೆ ಎಳೆಯಿರಿ, ಅಡ್ಡಕ್ಕಲ್ಲ.

ಸರಿಯಾದ ಒತ್ತಡ ಸಿಕ್ಕಿತು ಅಂತ ಗೊತ್ತಾಗುವುದು ಹೆರಕಲು ನೋಡಿದಾಗ. ಒತ್ತಡ ಕಡಿಮೆಯಾದರೆ ಪುಡಿ ಬರುತ್ತದೆ. ಜಾಸ್ತಿಯಾದರೆ ಬ್ಲೇಡ್ ಕುಣಿದು ಮೈಮೇಲೆ ಸಣ್ಣ ಸಣ್ಣ ಅಡ್ಡ ಬರೆ ಬೀಳುತ್ತದೆ. ಸರಿ ಇದ್ದರೆ ಬ್ಲೇಡಿನ ಮುಂದೆ ಕೆಂಪು ಸುರುಳಿ ಏಳುತ್ತದೆ, ಊದಿದರೆ ಹಾರುವಷ್ಟು ತೆಳು, ಬೆಳಕಿಗೆ ಹಿಡಿದರೆ ಆಚೆಗಿನ ಬೆರಳು ಕಾಣುತ್ತದೆ. ಕೈ ಹಾಯಿಸಿ ನೋಡಿ. ಬೆರಳಿಗೆ ಏನೂ ತಡೆಯದಿದ್ದರೆ ಅಲ್ಲಿಗೆ ನಿಲ್ಲಿಸಿ. ಕಣ್ಣಿಗೆ ಗೀರು ಇನ್ನೂ ಕಾಣುತ್ತಿರುತ್ತದೆ, ಕಾಣಲಿ. ಬೇಕಿದ್ದರೆ ವಾಟರ್ ಪೇಪರನ್ನು ಒಂದು ಮರದ ತುಂಡಿಗೆ ಸುತ್ತಿ, ನೀರು ಬಿಡುತ್ತಾ, 320 ನಂಬರಿನ ಪೇಪರಲ್ಲಿ ಶುರು ಮಾಡಿ ಇನ್ನೂ ನಯವಾದ 600ರವರೆಗೆ ಹೋಗಬಹುದು. ಇದು ಚಂದಕ್ಕೆ ಮಾತ್ರ. ಕಾರಿನ ಮೈಯ ಹೊಳಪು ಈ ಪ್ಲಾಸ್ಟಿಕ್ಕಿಗೆ ಯಾವ ಪೇಪರಲ್ಲೂ ಬರುವುದಿಲ್ಲ.

ಆಳದ ಗುಳಿಗೆ ಮಾತ್ರ ಈ ಕ್ರಮ ಬೇಡ. ಅಲ್ಲಿ ಮೊದಲೇ ಹೆರೆದರೆ ನಿಮ್ಮ ಅತ್ಯುತ್ತಮ ಪುಟ್ಟಿಯನ್ನೇ ಎಸೆದ ಹಾಗೆ. ಗುಳಿಯನ್ನು ಹತ್ತಿರದಿಂದ ನೋಡಿ. ನೇಗಿಲು ಹೋದಲ್ಲಿ ಸಾಲಿನ ಎರಡೂ ಬದಿ ಮಣ್ಣು ಎದ್ದಿರುವ ಹಾಗೆ, ಕಲ್ಲು ಕೊರೆದಲ್ಲಿ ಪ್ಲಾಸ್ಟಿಕ್ ಎರಡೂ ಬದಿ ಏರಿಯಾಗಿ ಎದ್ದಿರುತ್ತದೆ. ಗುಳಿಯಿಂದ ಹೊರಬಂದ ಪ್ಲಾಸ್ಟಿಕ್ಕಿನಲ್ಲಿ ಹೆಚ್ಚಿನ ಪಾಲು ಎಲ್ಲಿಗೂ ಹೋಗಿಲ್ಲ, ಪಕ್ಕದಲ್ಲೇ ಕೂತಿದೆ. ಅದೇ ಬಣ್ಣ, ಅದೇ ಸಾಮಗ್ರಿ, ಇನ್ನೂ ದೋಣಿಗೆ ಅಂಟಿಕೊಂಡೇ ಇದೆ. ಅದನ್ನು ಬಿಸಿ ಮಾಡಿ ಗುಳಿಗೆ ವಾಪಸ್ ಒತ್ತುವುದೇ ರಿಪೇರಿ. ಕಾರ್ ಪೇಂಟಿನವರು ಮೊದಲು ಆ ಏರಿಯನ್ನೇ ಉಜ್ಜಿ ತೆಗೆಯುತ್ತಾರೆ. ಅದಕ್ಕೇ ಅವರ ಕೈಗೆ ಕೊಡಬೇಡಿ ಅಂದದ್ದು.

ಹೀಟ್ ಗನ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕೂದಲು ಒಣಗಿಸುವ ಡ್ರೈಯರ್ ಸಾಲದು. ಈ ಪ್ಲಾಸ್ಟಿಕ್ ಕರಗುವುದು ಸುಮಾರು 120ರಿಂದ 130 ಡಿಗ್ರಿಗೆ. ಹೀಟ್ ಗನ್ನಿನ ಬಾಯಲ್ಲಿ 300ರಿಂದ 600 ಡಿಗ್ರಿ ಗಾಳಿ ಬರುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರವೇ ಅಪಾಯ. ಕಡಿಮೆ ಬಿಸಿಗೆ ಇಟ್ಟು, ಒಂದು ಗೇಣು ದೂರದಿಂದ ಶುರು ಮಾಡಿ. ಗನ್ನನ್ನು ಒಂದೇ ಕಡೆ ನಿಲ್ಲಿಸಬೇಡಿ, ಆಡಿಸುತ್ತಲೇ ಇರಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಬಿಳಿ ಗೆರೆಗಳು ಮಾಯವಾಗುತ್ತವೆ. ಅದಾದ ಸ್ವಲ್ಪ ಹೊತ್ತಿಗೆ ಮಂಕಾಗಿದ್ದ ಮೇಲ್ಮೈ ಒದ್ದೆಯಾದ ಹಾಗೆ ಮಿನುಗುತ್ತದೆ. ಆ ಮಿನುಗು ಕಂಡ ತಕ್ಷಣ ಗನ್ ಪಕ್ಕಕ್ಕೆ. ಮಿನುಗಿದ ಮೇಲೂ ಹಿಡಿದರೆ ಒಳಗಿನ ನೊರೆ ಪದರ ಕುಸಿಯುತ್ತದೆ. ಮೂಲ್ಕಿ ಕಡೆಯ ಒಬ್ಬರ ದೋಣಿಯಲ್ಲಿ ಹೀಗೆ ಅಂಗೈಯಗಲ ಹೊಂಡ ಬಿದ್ದದ್ದು ನೋಡಿದ್ದೇನೆ. ಗೀರು ಮಾತ್ರ ಪೂರ್ತಿ ಹೋಗಿತ್ತು, ಅದು ಸತ್ಯ.

ಗನ್ ಪಕ್ಕಕ್ಕಿಟ್ಟ ಕೂಡಲೇ ದಪ್ಪ ಸ್ಟೀಲ್ ಚಮಚದ ಬೆನ್ನನ್ನು ತಣ್ಣೀರಲ್ಲಿ ಅದ್ದಿ, ಏರಿಯನ್ನು ಎರಡೂ ಕಡೆಯಿಂದ ಗುಳಿಯ ಕಡೆಗೆ ಒತ್ತುತ್ತಾ ಬನ್ನಿ. ಒಣ ಚಮಚ ಬಿಸಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಎಳೆದುಕೊಂಡು ಬರುತ್ತದೆ, ಅದಕ್ಕೇ ನೀರು. ಒಂದೇ ಸಲಕ್ಕೆ ಮುಗಿಸುವ ಆಸೆ ಬೇಡ. ಸ್ವಲ್ಪ ಬಿಸಿ, ಸ್ವಲ್ಪ ಒತ್ತು, ತಣಿಯಲು ಬಿಡಿ, ಮತ್ತೊಂದು ಸಲ. ಪೂರ್ತಿ ತಣಿದ ಮೇಲೆ ಉಳಿದ ಉಬ್ಬನ್ನು ಮಾತ್ರ ಬ್ಲೇಡಲ್ಲಿ ಹೆರೆಯಿರಿ. ಗುಳಿ ಪೂರ್ತಿ ಮುಚ್ಚುವುದಿಲ್ಲ, ತಗ್ಗಿನ ನೆರಳು ಉಳಿಯುತ್ತದೆ. ಆದರೆ ಅಂಚು ಸತ್ತು ದುಂಡಗಾಗಿರುತ್ತದೆ, ಮುಂದಿನ ಕಲ್ಲು ಅಲ್ಲಿಗೇ ಸಿಕ್ಕಿ ಕೊರೆಯುವುದಿಲ್ಲ. ನಮಗೆ ಬೇಕಾದದ್ದು ಅದೇ ಅಲ್ವಾ?

ದೋಣಿಗೆ ಹಿಡಿಯುವ ಮೊದಲು ಕೈ ಪಳಗಲಿ. ಗುಜರಿಯಲ್ಲಿ ಒಡೆದ ನೀರಿನ ಟ್ಯಾಂಕಿನ ತುಂಡು ಸಿಗುತ್ತದೆ, ಇಲ್ಲವೇ ನೀಲಿ ಡ್ರಮ್ಮಿನ ತುಂಡು. ಅದರ ಮೇಲೆ ಮೊಳೆಯಲ್ಲಿ ಗೀರಿ, ಬಿಸಿ ಮಾಡಿ, ಒತ್ತಿ ನೋಡಿ. ಒಂದು ತುಂಡನ್ನು ಬೇಕೆಂತಲೇ ಹಾಳು ಮಾಡಿ. ಮಿನುಗಿಗೂ ಕುಸಿತಕ್ಕೂ ನಡುವೆ ಎಷ್ಟು ಕಡಿಮೆ ಸಮಯ ಅಂತ ಕಣ್ಣಿಗೆ ಗೊತ್ತಾಗಬೇಕು.

ಗುಳಿಯೊಳಗೆ ಸಣ್ಣ ಸಣ್ಣ ಗುಳ್ಳೆಯಂಥ ತೂತುಗಳು ಕಂಡರೆ ಹೊರ ಪದರ ದಾಟಿ ನೊರೆ ಪದರಕ್ಕೆ ಬಂದಿದೆ ಅಂತ ಅರ್ಥ. ಸೀಳು ಬಿಟ್ಟಿದ್ದರೂ ಅಷ್ಟೇ. ಅಲ್ಲಿ ಬೇರೆ ಪ್ಲಾಸ್ಟಿಕ್ ಸೇರಿಸಿ ವೆಲ್ಡ್ ಮಾಡಬೇಕು. ಇದಕ್ಕೆ ಪಾಲಿಎಥಿಲೀನಿನದೇ ವೆಲ್ಡಿಂಗ್ ಕಡ್ಡಿ ಬರುತ್ತದೆ. ಸೀಳನ್ನು ಸ್ವಲ್ಪ ವಿ ಆಕಾರಕ್ಕೆ ಬಿಡಿಸಿ, ದೋಣಿಯ ಪ್ಲಾಸ್ಟಿಕ್ಕೂ ಕಡ್ಡಿಯೂ ಎರಡೂ ಒಟ್ಟಿಗೆ ಕರಗಿ ಬೆರೆಯುವ ಹಾಗೆ ತುಂಬುತ್ತಾ ಬರಬೇಕು. ಕಡ್ಡಿ ಮಾತ್ರ ಕರಗಿ ಮೇಲೆ ಕೂತರೆ ಅದು ಎಂ-ಸೀಲಿನ ಅಣ್ಣ. ಊರಲ್ಲಿ ನೀರಿನ ಟ್ಯಾಂಕ್ ರಿಪೇರಿ ಮಾಡುವವರಿಗೆ ಈ ಕೈಚಳಕ ಇರುತ್ತದೆ, ಅವರನ್ನೇ ಕೇಳಿ. ಕಾರಿನ ಬಂಪರ್ ವೆಲ್ಡ್ ಮಾಡುವವರೂ ಬರುತ್ತೇನೆ ಅಂದಾರು. ಅವರ ಹತ್ತಿರ ಇರುವುದು ಹೆಚ್ಚಾಗಿ ಪಾಲಿಪ್ರೊಪಿಲೀನ್ ಕಡ್ಡಿ, ಅದು ಪಾಲಿಎಥಿಲೀನಿಗೆ ಕೂಡುವುದಿಲ್ಲ. ಆದರೆ ನಿಮ್ಮ ದೋಣಿ ಟಾಪರ್ ಅಂತ ಗೊತ್ತಾದರೆ ಲೆಕ್ಕ ಉಲ್ಟಾ. ಆಗ ಬಂಪರಿನವರೇ ಸರಿಯಾದ ಜನ, ಬಿಸಿ ಮಾತ್ರ ಸ್ವಲ್ಪ ಜಾಸ್ತಿ ಬೇಕು, ಅದು ಕರಗುವುದು 160 ಡಿಗ್ರಿಯ ಆಚೀಚೆ.

ಯಾರೇ ಮಾಡಲಿ, ಕಾಣದ ಒಂದು ಮೂಲೆಯಲ್ಲಿ ಕಡ್ಡಿಯ ತುದಿ ಬೆಸೆದು, ತಣಿದ ಮೇಲೆ ಇಕ್ಕಳದಲ್ಲಿ ಎಳೆದು ನೋಡಿ. ಎಳೆದು ಎಳೆದು ಹರಿಯಬೇಕು. ಪಟ್ಟನೆ ಬುಡದಿಂದ ಎದ್ದು ಬಂದರೆ ಜಾತಿ ಬೇರೆ, ಕೆಲಸ ನಿಲ್ಲಿಸಿ. ಬಿಸಿ ತಾಗಿಸಿದರೆ ಕರಗದೆ ಕಂದು ತಿರುಗಿ ಸುಡುವ ಪಾಲಿಎಥಿಲೀನೂ ಉಂಟು. ಅದಕ್ಕೆ ವೆಲ್ಡಿಂಗ್ ಆಗುವುದಿಲ್ಲ. ಹೊಗೆ ಬಂತು ಅಂದರೆ ಬಿಸಿ ಜಾಸ್ತಿಯಾಯಿತು ಅಂತ. ಆ ಹೊಗೆ ಗಂಟಲು ಕಣ್ಣಿಗೆ ಒಳ್ಳೆಯದಲ್ಲ, ಹಾಗಾಗಿ ಈ ಕೆಲಸ ಮುಚ್ಚಿದ ಕೋಣೆಯಲ್ಲಿ ಬೇಡ.

ಲೋಟದ ಪರೀಕ್ಷೆಯಲ್ಲಿ ಚೂರು ಮುಳುಗಿ, ಗುಳಿಯೊಳಗೆ ಗಾಜಿನ ಎಳೆ ಕಂಡರೆ ಮೇಲೆ ಹೇಳಿದ್ದೆಲ್ಲ ಮರೆತುಬಿಡಿ. ಅದು ಫೈಬರ್ ದೋಣಿ. ಮಲ್ಪೆಯಲ್ಲೋ ಮಂಗಳೂರಿನ ಬೆಂಗ್ರೆಯಲ್ಲೋ ಫೈಬರ್ ಕೆಲಸ ಮಾಡುವವರಿಗೆ ತೋರಿಸಿ, ಜೆಲ್‌ಕೋಟ್ ಅವರ ನಿತ್ಯದ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ದೋಣಿಗಳೆಲ್ಲ ರಿಪೇರಿಗೆ ಮೇಲೆ ಬರುವುದರಿಂದ ಅವರಿಗೆ ಪುರುಸೊತ್ತು ಇರುವುದಿಲ್ಲ. ಅದಕ್ಕಿಂತ ಮೊದಲೇ, ಗಾಳಿ ಒಣಗಿರುವಾಗಲೇ ಮಾಡಿಸಿ.

ಕೆಲಸ ಮುಗಿದ ಮೇಲೆ ಹೊಳಪಿಗೆ ಅಂತ ಟೈರ್ ಪಾಲಿಷ್, ಸಿಲಿಕೋನ್ ಸ್ಪ್ರೇ, ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ಎರಡು ದಿನ ಚಂದ ಕಾಣುತ್ತದೆ. ಆಮೇಲೆ ಮಕ್ಕಳು ಜಾರುತ್ತಾರೆ, ಮುಂದೆ ವೆಲ್ಡ್ ಮಾಡಬೇಕಾದಾಗ ಆ ಎಣ್ಣೆಯೇ ಅಡ್ಡ ಬರುತ್ತದೆ. ಈ ಪ್ಲಾಸ್ಟಿಕ್ಕಿನ ನಿಜವಾದ ಶತ್ರು ಬಿಸಿಲು. ವರ್ಷಗಟ್ಟಲೆ ಬಿಸಿಲಿಗೆ ಬಿದ್ದರೆ ಬಣ್ಣ ಮಂಕಾಗುತ್ತದೆ, ಮೈ ಪೆಡಸಾಗುತ್ತದೆ. ಆಗ ಗೀರಿನ ಜಾಗದಲ್ಲಿ ಬಿರುಕೇ ಬರುತ್ತದೆ. ತೆಂಗಿನ ಮರದ ನೆರಳು ಒಳ್ಳೆಯದು, ಆದರೆ ಕಾಯಿ ಬೀಳುವಲ್ಲಿ ಇಡಬೇಡಿ. ಮಾಡು ಇರುವಲ್ಲಿ ಕವುಚಿ ಇಡಿ.

ಇನ್ನು ಮೂಲ ಕಾರಣ, ನಿಮ್ಮ ಕಡವು. ಕೆಂಪುಕಲ್ಲಿನ ಮೆಟ್ಟಿಲು ಹೊಸತಿದ್ದಾಗ ಮೆತ್ತಗಿರುತ್ತದೆ, ನೀರು ಗಾಳಿಗೆ ಬಿದ್ದ ಮೇಲೆ ಮಣ್ಣಿನ ಭಾಗ ಕೊಚ್ಚಿಹೋಗಿ ಕಬ್ಬಿಣದಂಶದ ಗಟ್ಟಿ ಮೂಳೆಯೇ ಮೇಲೆದ್ದು ನಿಲ್ಲುತ್ತದೆ. ಕೆಳಗಿನ ಮೆಟ್ಟಿಲುಗಳಲ್ಲಿ ಚಿಪ್ಪು ಬೇರೆ ಅಂಟಿರುತ್ತದೆ. ಅದರ ಅಂಚು ಬ್ಲೇಡಿಗಿಂತ ಚೂಪು. ಇಳಿತದಲ್ಲಿ ದೋಣಿ ತಂದರೆ ಆ ಚಿಪ್ಪಿನ ಮೇಲೇ ಎಳೆಯಬೇಕು. ಕೆಮ್ಮಣ್ಣಿಗೆ ಅಳಿವೆ ಹತ್ತಿರ, ಸೀತಾ ಸ್ವರ್ಣಾ ಎರಡೂ ಕೋಡಿ ಬೆಂಗ್ರೆಯಲ್ಲಿ ಕಡಲು ಸೇರುವುದರಿಂದ ಉಬ್ಬರ ಇಳಿತ ನಿಮ್ಮ ಮನೆ ಮುಂದೆಯೇ ಕಾಣುತ್ತದೆ. ಉಬ್ಬರ ನೋಡಿಕೊಂಡು ದೋಣಿ ಇಳಿಸಿ, ಉಬ್ಬರದಲ್ಲೇ ಮೇಲೆ ತನ್ನಿ.

ಕೆಲವರು ಮೆಟ್ಟಿಲಿಗೆ ನಾರಿನ ಚಾಪೆ ಹಾಸುತ್ತಾರೆ. ಒಂದೇ ವಾರದಲ್ಲಿ ಅದರೊಳಗೆ ಮರಳು ತುಂಬಿ ಚಾಪೆಯೇ ಸ್ಯಾಂಡ್ ಪೇಪರ್ ಆಗುತ್ತದೆ. ಅದಕ್ಕಿಂತ ಸೀಳಿದ ಲಾರಿ ಟ್ಯೂಬ್ ವಾಸಿ, ಒಂದು ಬಕೆಟ್ ನೀರು ಹೊಯ್ದರೆ ಮರಳು ಹೋಗುತ್ತದೆ. ನನ್ನನ್ನು ಕೇಳಿದರೆ ಎರಡು ದಪ್ಪ ಚಕ್ರದ ಸಣ್ಣ ಟ್ರಾಲಿಗೆ ದುಡ್ಡು ಹಾಕಿ, ಮೆಟ್ಟಿಲಿನ ಪಕ್ಕ ಇಳಿಜಾರು ಮಣ್ಣಿನ ದಾರಿ ಇದ್ದರೆ ಅದರಲ್ಲೇ ತನ್ನಿ. ದಾರಿ ಇಲ್ಲದಿದ್ದರೆ ಇಬ್ಬರು ದೊಡ್ಡವರು ಎತ್ತಿ. ಹಾಯಿ, ಕಂಬ, ಬೋರ್ಡ್ ಎಲ್ಲ ಮೊದಲು ತೆಗೆದಿಟ್ಟು, ಒಳಗಿನ ನೀರು ಬಸಿದು ಎತ್ತಿದರೆ ಅಷ್ಟು ಭಾರ ಇರುವುದಿಲ್ಲ. ಮುಂದಿನ ಹಗ್ಗ ಹಿಡಿದು ಒಬ್ಬರೇ ಎಳೆಯುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಹಾಗೆ ಎಳೆದಾಗ ಪೂರ್ತಿ ಭಾರ ಹಿಂಬದಿಯ ಅಂಚಿನ ಮೇಲೆ ಬೀಳುತ್ತದೆ. ನಿಮ್ಮ ಎರಡು ಗುಳಿಗಳೂ ಅಲ್ಲೇ ಇರಬೇಕು ಅಂತ ನನ್ನ ಊಹೆ.

ಸ್ಟಿಕ್ಕರ್ ಅಂಟಿಸಲಿ, ಅಡ್ಡಿಯಿಲ್ಲ. ತಳಕ್ಕೆ ಬೇಡ, ನೀರಿನೊಳಗೆ ಅಂಚು ಎದ್ದು ನಾರಿನ ಕೆಲಸವನ್ನೇ ಮಾಡುತ್ತದೆ. ಡೆಕ್ ಮೇಲೆ, ಮೇಲಿನ ಬದಿಗಳಲ್ಲಿ ಹಚ್ಚಲಿ. ಬೈಕಿಗೆ ರೇಡಿಯಂ ಕಟ್ ಮಾಡಿಕೊಡುವ ಅಂಗಡಿಯವರು ಒಳ್ಳೆ ಅಂಟಿನ ವಿನೈಲ್‌ನಲ್ಲಿ ದೋಣಿಯ ಹೆಸರು ಕತ್ತರಿಸಿ ಕೊಡುತ್ತಾರೆ. ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಅಂಟಿಸಿದ ಮೇಲೆ ಹೇರ್ ಡ್ರೈಯರ್ ಗಾಳಿ ಹಿಡಿದು ಒತ್ತಲಿ. ಒಂದು ಸೀಸನ್ ನಿಲ್ಲುತ್ತದೆ. ಎದ್ದು ಬಂದರೆ ಇನ್ನೊಂದು ಅಂಟಿಸಿದರಾಯಿತು.